ಮೂರನೆಯ ಮೊಂಗ್ಗೊ

ಬಚ್ಚಲುಮನೆಯ ಕನ್ನಡಿಯಲ್ಲಿ ಮುಖದ ಅರ್ಧ ಮಾತ್ರ ಕಾಣುತ್ತಿತ್ತು. ಅಷ್ಟು ಸಾಕು ಎಂದುಕೊಂಡು ಹರ್ಜೊನೊ ಬಾಯಿ ಮುಕ್ಕಳಿಸಿ, ಆ ಅರ್ಧ ಮುಖಕ್ಕೆ 'ಆಗಲಿ' ಎಂದ. ಸರಿ ಬರಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಕೇಳುವವನ ದನಿಯ ಹಾಗಿತ್ತು. ಇನ್ನೊಂದು ಸಲ, ಸ್ವಲ್ಪ ತಗ್ಗಿಸಿ, 'ಆಗಲಿ, ನೀವು ಅಷ್ಟು ಹೇಳುತ್ತೀರಿ ಅಂದಮೇಲೆ' ಎಂದ. ಇದು ಪರವಾಗಿಲ್ಲ, ಆದರೆ ಉದ್ದವಾಯಿತು. ಉದ್ದದ ಮಾತು ಹೇಳಹೊರಟರೆ ನಡುವೆ ಎಲ್ಲಿಯಾದರೂ ಹಳೆಯ ಚಾಳಿ ನುಗ್ಗಿ ಬಂದು 'ಬೇಡ ಬೇಡ' ಎಂದುಬಿಡುವ ಅಪಾಯವಿತ್ತು. ಐವತ್ತನಾಲ್ಕು ವರ್ಷದ ಗಂಡಸು, ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ದಿನವಿಡೀ ಜನರಿಗೆ ಹೌದು, ಇಲ್ಲ, ನಾಳೆ ಬನ್ನಿ ಎಂದು ಲೀಲಾಜಾಲವಾಗಿ ಹೇಳುವವನು, ಮೂರು ಅಕ್ಷರದ ಒಂದು ಶಬ್ದಕ್ಕಾಗಿ ಭಾನುವಾರ ಬೆಳಗ್ಗೆ ಬಚ್ಚಲಲ್ಲಿ ಹೆಣಗುತ್ತಿದ್ದ. ತನ್ನ ಅವಸ್ಥೆ ತನಗೇ ನಗೆ ತರಿಸಬೇಕಿತ್ತು. ಬದಲಿಗೆ ಕಣ್ಣು ಹನಿಗೂಡಿದವು. ಸಾಬೂನು ಇರಬೇಕು ಎಂದುಕೊಂಡ.

"ಯಾರ ಹತ್ರ ಮಾತಾಡ್ತಿದೀರಿ ಒಳಗೆ?" ಹೊರಗಿನಿಂದ ಹೆಂಡತಿ ತುತಿಕ್ ಕೇಳಿದಳು.

"ಯಾರ ಹತ್ರಾನೂ ಇಲ್ಲ."

"ಹಾಗಾದ್ರೆ ಅವರನ್ನ ಬೇಗ ಕಳಿಸ್ಕೊಡಿ. ನಂಗೂ ಸ್ನಾನ ಆಗ್ಬೇಕು."

ಇವತ್ತು ಭಾನುವಾರವೂ ಹೌದು, ಜಾವಾದ ಐದು ದಿನದ ವಾರದ ಪೋನ್ ಎಂಬ ದಿನವೂ ಹೌದು. ಇವೆರಡೂ ಮೂವತ್ತೈದು ದಿನಕ್ಕೊಮ್ಮೆ ಕೂಡುತ್ತವೆ. ಕೂಡಿದ ದಿನ ಸೋಲೋ ಪೇಟೆಯ ಹಿಂದಿನ ಗಲ್ಲಿಯಲ್ಲಿ, ಎಂಬಾಹ್ ಮಾರ್ತೊನ ಕಂಬದ ಚಾವಡಿಯಲ್ಲಿ, ಕಂಚಿನ ವಾದ್ಯಗಳ ಗಮೆಲಾನ್ ಬಳಗ ಕೂಡುತ್ತದೆ. ಎಂಬಾಹ್ ಎಂದರೆ ಅಜ್ಜ. ಮಾರ್ತೊ ಐವತ್ತು ವರ್ಷದವನಾಗಿದ್ದಾಗಲೇ ಎಲ್ಲರೂ ಅವನನ್ನು ಹಾಗೆ ಕರೆಯುತ್ತಿದ್ದರು, ವಾದ್ಯಗಳೆಲ್ಲ ಅವನವಾದ್ದರಿಂದ. ಈ ಭಾನುವಾರಕ್ಕೆ ಇನ್ನೂ ಒಂದು ವಿಶೇಷವಿತ್ತು. ಬಳಗದ ಗಾಯಕಿ ಸುಮರ್ನಿ ಇವತ್ತು ಹಾಡಿ ಮುಗಿಸುತ್ತಾಳೆ, ಮತ್ತೆ ಹಾಡುವುದಿಲ್ಲ. ದನಿಗೆ ಏನೂ ಆಗಿರಲಿಲ್ಲ. 'ಜನ ಪಾಪ ಅನ್ನೋಕೆ ಶುರುಮಾಡೋ ಮುಂಚೆ ನಿಲ್ಲಿಸ್ಬಿಡ್ತೀನಿ' ಎಂದಿದ್ದಳಂತೆ. ನಲವತ್ತೆಂಟಕ್ಕೆ ಇಂಥ ವೈರಾಗ್ಯ ಯಾರಿಗೂ ಅರ್ಥವಾಗಿರಲಿಲ್ಲ, ಹರ್ಜೊನೊನೊಬ್ಬನಿಗೆ ಬಿಟ್ಟು. ತ್ಯಾಗದ ವಿಷಯದಲ್ಲಿ ಆ ಊರಿನಲ್ಲಿ ಅವನನ್ನು ಮೀರಿಸಿದ ಅಧಿಕಾರಿ ಇರಲಿಲ್ಲ.

ಅವಳ ಗಂಡ ಪರ್ಮಾದಿ, ಅಂದರೆ ಹರ್ಜೊನೊನ ಚಡ್ಡಿ ದೋಸ್ತ್, ಇಪ್ಪತ್ತಾರು ವರ್ಷದಿಂದ ಬಳಗದಲ್ಲಿ ರೆಬಾಬ್ ನುಡಿಸುತ್ತಿದ್ದ. ಎರಡು ತಂತಿ, ನೀಳ ಕತ್ತು, ನೆಟ್ಟಗೆ ನಿಲ್ಲಿಸಿ ಕಮಾನು ಎಳೆದು ನುಡಿಸುವ ಆ ವಾದ್ಯವೇ ಗಮೆಲಾನಿನ ಯಜಮಾನ. ಅದು ಬಾಯಿ ತೆರೆಯದೆ ಬೇರೆ ಯಾವ ಕಂಚೂ ಸದ್ದು ಮಾಡುವಂತಿಲ್ಲ. ಗಾಯಕಿ ಅದರ ಪಕ್ಕದಲ್ಲೇ ಕೂರುತ್ತಾಳೆ. ತಂತಿ ಹೋದ ದಾರಿಯಲ್ಲಿ ಅರೆಗಳಿಗೆ ತಡೆದು ಅವಳ ದನಿ ಹೋಗುತ್ತದೆ. ಈಗ ಉಪವಾಸದ ತಿಂಗಳಿನಿಂದೀಚೆ ಪರ್ಮಾದಿಯ ಎಡಗೈಯ ಮೂರು ಬೆರಳು ಬಾಗುತ್ತಿಲ್ಲ. ರೆಬಾಬಿನ ಜಾಗ ಖಾಲಿ. ಸುಮರ್ನಿಯ ಪಕ್ಕದ ಜಾಗ, ಒಂದೇ ಒಂದು ದಿನದ ಮಟ್ಟಿಗೆ, ಖಾಲಿ. ಇವತ್ತು ಅಲ್ಲಿ ಕೂರದಿದ್ದರೆ ಹರ್ಜೊನೊ ಇನ್ನು ಯಾವತ್ತೂ ಅಲ್ಲಿ ಕೂರುವುದಿಲ್ಲ. ಅಲ್ಲಿ ಕೂರಲು ಅವನು ಮಾಡಬೇಕಾದ್ದು ಇಷ್ಟೇ: ಕೇಳಿದಾಗ ಹೂಂ ಅನ್ನುವುದು.

ತುತಿಕ್ ತಿಂಡಿಗೆ ಕೂರಿಸಿದಳು. ಅನ್ನ, ಹುದುಗಿಸಿದ ಸೋಯಾ ಕಾಳಿನ ಹುರಿದ ತೆಂಪೆ, ನಿನ್ನೆಯ ಸಾಂಬಲ್ ಖಾರ. ಅವನು ತಿನ್ನುತ್ತಿರುವುದನ್ನು ನೋಡುತ್ತ, "ಬೆಳಗ್ಗೆ ಮೂರೂವರೆಗೇ ಎದ್ದು ಹಿತ್ತಲ ಕೋಣೆಯಲ್ಲಿ ಕುಯ್ ಕುಯ್ ಅನ್ನಿಸ್ತಿದ್ರಲ್ಲ, ಇವತ್ತೇ ಪರೀಕ್ಷೆ ಇರ್ಬೇಕು" ಎಂದಳು. ಹಿತ್ತಲ ಕೋಣೆಯಲ್ಲಿ, ಅಕ್ಕಿ ಡಬ್ಬದ ಹಿಂದೆ, ಹಳೆ ಸಾಮಾನಿನ ಸಂತೆಯಿಂದ ತಂದ ರೆಬಾಬ್ ಒಂದಿತ್ತು. ಬೆಳಗಿನ ಬಾಂಗಿಗೆ ಮುಂಚೆ ಕಮಾನಿಗೆ ಬಟ್ಟೆ ಸುತ್ತಿ ದನಿ ಅಡಗಿಸಿ ನುಡಿಸುವುದು ಅವನ ಗುಟ್ಟು. ಗುಟ್ಟು ಗಲ್ಲಿಗೆಲ್ಲ ಗೊತ್ತಿತ್ತು. ಆದರೆ ಅವನಿಗೆ ಗೊತ್ತಾಗಬಾರದೆಂದು ಇಪ್ಪತ್ತಾರು ವರ್ಷದಿಂದ ನೆರೆಹೊರೆಯವರು ನಿದ್ದೆ ಕೆಡಿಸಿಕೊಂಡು ಸುಮ್ಮನಿದ್ದರು, ಏಕೆಂದರೆ ಆ ಊರಿನ ಸೌಜನ್ಯವೇ ಅಂಥದ್ದು. "ಕೂತ್ಕೊಳ್ಳಿ ಅಂದ್ರೆ ಕೂತ್ಕೊಳ್ಳಿ" ಎಂದಳು ತುತಿಕ್. "ಸುಮ್ನೆ ಮದುಮಗಳ ಥರ ನಾಚ್ಕೊಬೇಡಿ." ಅವಳಿಗೆ ಎಷ್ಟು ಗೊತ್ತು ಎಂದು ಅವನು ಅವಳ ಮುಖ ನೋಡಿದ. ಅವಳು ಸಾಂಬಲ್ ಬಟ್ಟಲನ್ನು ಬೆರಳಿನಿಂದ ಬಳಿಯುತ್ತಿದ್ದಳು.

ದಾರಿಯುದ್ದಕ್ಕೂ ಅವನು ಆ ದಿನವನ್ನು ಮತ್ತೆ ನಡೆದ. ಎಷ್ಟು ಸಲ ನಡೆದಿದ್ದನೆಂದರೆ ಅದರ ಹಾಸುಗಲ್ಲುಗಳೆಲ್ಲ ಸವೆದು ನುಣುಪಾಗಿದ್ದವು. ಹಳೆಯ ರೆಬಾಬ್ ವಾದಕ ತೀರಿಕೊಂಡು ನಲವತ್ತು ದಿನ. ಚಾವಡಿಯಲ್ಲಿ ಬಳಗ ಸೇರಿದೆ. ಅವನಿಗೆ ಇಪ್ಪತ್ತೆಂಟು, ಹೊಸ ಗಾಯಕಿ ಸುಮರ್ನಿಗೆ ಇಪ್ಪತ್ತೆರಡು, ತಾಯಿಯ ಪಕ್ಕ ಮುದುರಿ ಕೂತಿದ್ದಾಳೆ. ಎಲ್ಲರೂ ಎಂದಿನಂತೆ ಹಿಂದಿನ ಸಾಲಿಗೆ ನುಗ್ಗಿದ್ದಾರೆ. ಬೇರೆ ಊರಿನಲ್ಲಿ ಜನ ಮುಂದಿನ ಜಾಗಕ್ಕೆ ಕಿತ್ತಾಡುತ್ತಾರಂತೆ. ಸೋಲೋದ ಗಮೆಲಾನಿನಲ್ಲಿ ಹಿಂದಿನ ಜಾಗಕ್ಕೆ. ಮೊದಲು ಬಂದವನು ಅತ್ಯಂತ ಸಣ್ಣ ವಾದ್ಯದ ಮುಂದೆ ಕೂತು, ತನ್ನ ಯೋಗ್ಯತೆ ಇಷ್ಟೇ ಎಂಬಂತೆ ತಲೆ ತಗ್ಗಿಸುತ್ತಾನೆ. ಆಮೇಲೆ ಬಂದವರು ಇನ್ನೂ ಸಣ್ಣದು ಸಿಗದೆ ಪರದಾಡುತ್ತಾರೆ. ಕೊನೆಗೆ ಮುಂದಿನ ಸಾಲಿನ ದೊಡ್ಡ ವಾದ್ಯಗಳೆಲ್ಲ ಅನಾಥವಾಗಿ ಬಿದ್ದಿರುತ್ತವೆ. ಆಗ ಮನೆಯ ಯಜಮಾನ ಎದ್ದು ಬಂದು, ಹೆಬ್ಬೆರಳು ಚಾಚಿ ದಾರಿ ತೋರಿಸಿ, 'ಮೊಂಗ್ಗೊ' ಎನ್ನಬೇಕು. ದಯಮಾಡಿ, ಬನ್ನಿ, ಆಗಲಿ, ತಿನ್ನಿ, ಕೂರಿ, ಎಲ್ಲಕ್ಕೂ ಆ ಒಂದೇ ಶಬ್ದ. ಮೊದಲನೆಯ ಮೊಂಗ್ಗೊಗೆ ಬೇಡ ಎನ್ನುವುದು ಮನುಷ್ಯತ್ವ. ಎರಡನೆಯದಕ್ಕೆ ಬೇಡ ಎನ್ನುವುದು ಮರ್ಯಾದೆ. ಮೂರನೆಯದಕ್ಕೆ, ಯಾರೋ ಹಿಡಿದು ಎಳೆದೊಯ್ಯುತ್ತಿದ್ದಾರೆ ಎಂಬಂತೆ ಮುಖ ಮಾಡಿಕೊಂಡು ಏಳಬೇಕು. ಯಾರು ಎಲ್ಲಿ ಕೂರುತ್ತಾರೆಂದು ಹಾಲು ಕುಡಿಯುವ ಮಗುವಿಗೂ ಗೊತ್ತಿರುತ್ತದೆ. ಆದರೂ ಈ ಮೂರು ಸಲದ ಜಗ್ಗಾಟ ಆಗಲೇಬೇಕು.

ಅವತ್ತು ಎಂಬಾಹ್ ಮಾರ್ತೊ ಕೇಳಿದ್ದ. ಒಂದು ಸಲ. ಹರ್ಜೊನೊ ಬೇಡ ಎಂದಿದ್ದ. ಎರಡು ಸಲ. ಬೇಡ ಎಂದು ನಕ್ಕಿದ್ದ, ಕಾಲನ್ನು ಆಗಲೇ ಒಳಗೆ ಮಡಚಿ ಏಳಲು ಸಿದ್ಧನಾಗಿದ್ದ. ಆ ಮುದುಕ ಮೂರನೆಯ ಸಲ ಕೇಳಲೇ ಇಲ್ಲ. ಅವನ ತಲೆಯಲ್ಲಿ ಏನು ಓಡಿತೋ, ಪಕ್ಕಕ್ಕೆ ತಿರುಗಿ ಪರ್ಮಾದಿಯನ್ನು ಕೇಳಿಬಿಟ್ಟ. ಪರ್ಮಾದಿ, ರೀತಿ ನೀತಿ ಗೊತ್ತಿಲ್ಲದ ಕತ್ತೆ, ಮೊದಲನೆಯದಕ್ಕೇ ಎದ್ದು ಹೋಗಿ ಕೂತ. ಮಡಚಿದ ಕಾಲನ್ನು ಹರ್ಜೊನೊ ಮೆಲ್ಲಗೆ ಬಿಡಿಸಿಕೊಳ್ಳಬೇಕಾಯಿತು. ಇಪ್ಪತ್ತಾರು ವರ್ಷದಲ್ಲಿ ಆ ಕಾಲಿನ ಜೋಮು ಪೂರ್ತಿ ಇಳಿದಿರಲಿಲ್ಲ.

ಇದು ಒಳಗಿನ ಕಥೆ. ಹೊರಗೆ ಅವನು ಹೇಳುತ್ತಿದ್ದುದು ಬೇರೆ: 'ಪರ್ಮಾದಿಗೆ ಅದು ಸಲ್ಲಬೇಕಾದ್ದೇ, ನನಗೆ ಈ ಕೆತುಕ್ ಸಾಕು.' ಕೆತುಕ್ ಎಂದರೆ ಕವುಚಿಟ್ಟ ಬೋಗುಣಿಯಂಥ ಪುಟ್ಟ ಕಂಚು. ಅದಕ್ಕೆ ಇರುವುದು ಒಂದೇ ಸ್ವರ. ಹೊತ್ತು ಹೊತ್ತಿಗೆ ಟುಕ್ ಎಂದರೆ ಅದರ ಕರ್ತವ್ಯ ಮುಗಿಯಿತು. ಇಪ್ಪತ್ತಾರು ವರ್ಷ ಹರ್ಜೊನೊ ಟುಕ್ ಎಂದ. ಎಷ್ಟು ವಿನಯದಿಂದ ಎಂದನೆಂದರೆ, ಬೇರೆ ಬಳಗದವರು ತಮ್ಮ ಮಕ್ಕಳನ್ನು ಕರೆತಂದು, 'ನೋಡಿ, ಗಾಯಕಿಗೆ ಸಮನಾಗಿ ನುಡಿಸಬಲ್ಲ ಮನುಷ್ಯ ಗೆಳೆಯನಿಗೋಸ್ಕರ ಹೇಗೆ ಹಿಂದೆ ಕೂತಿದ್ದಾನೆ' ಎಂದು ತೋರಿಸುತ್ತಿದ್ದರು. ಅವನು ತಲೆ ಇನ್ನಷ್ಟು ತಗ್ಗಿಸುತ್ತಿದ್ದ, ತಗ್ಗಿಸಿದ ತಲೆಯೊಳಗೆ ಆ ಮಾತುಗಳನ್ನು ಬಾಯಿ ಚಪ್ಪರಿಸಿಕೊಂಡು ತಿನ್ನುತ್ತಿದ್ದ. ಮುಂದಿನ ವರ್ಷ ಪರ್ಮಾದಿ ಸುಮರ್ನಿಯನ್ನು ಮದುವೆಯಾಗುತ್ತೇನೆ ಎಂದಾಗ ಹುಡುಗಿಯ ಮನೆಗೆ ಹೋಗಿ ಹಿರಿಯರ ಮುಂದೆ ಕೇಳಬೇಕಾದವರು ಯಾರು? ಮಾತು ಬಲ್ಲವನು ಹರ್ಜೊನೊ. ಹೋದ. ಬಾಟಿಕ್ ಪಂಚೆ ಉಟ್ಟು, ಬೆನ್ನಿಗೆ ಕ್ರಿಸ್ ಕಠಾರಿ ಸಿಕ್ಕಿಸಿ, ಅರಮನೆಯ ಕಾಲದ ಭಾಷೆಯಲ್ಲಿ ಅರ್ಧ ಗಂಟೆ ಪರ್ಮಾದಿಯ ಪರವಾಗಿ ಬೇಡಿದ. ಮದುವೆಯ ದಿನ ಬಾಡಿಗೆ ಕುರ್ಚಿಗಳನ್ನು ಅವನೇ ಹೊತ್ತು ಹಾಕಿದ. ಗೆಳೆಯ ಅಂದರೆ ಹೀಗಿರಬೇಕು ಎಂದು ಆಗಲೂ ಜನ ಅಂದರು, ಕುರ್ಚಿ ಎಳೆದುಕೊಂಡು ಕೂರುತ್ತ.

ಐದು ದಿನದ ಹಿಂದೆ ಪರ್ಮಾದಿ ಮನೆಗೆ ಬಂದಿದ್ದ. ಬೆರಳಿಗೆ ಏನೋ ಲೇಪ ಹಚ್ಚಿಕೊಂಡಿದ್ದ, ಕೋಣೆಯೆಲ್ಲ ಲವಂಗದೆಣ್ಣೆ ವಾಸನೆ. ಸಿಹಿ ಚಹಾ ಕುಡಿದು, ಮಳೆ, ಮೊಮ್ಮಗ, ಮೋಟರ್‌ಸೈಕಲ್ಲಿನ ಚೈನು, ಎಲ್ಲ ಆದಮೇಲೆ ಕಿಟಕಿಯ ಕಡೆ ನೋಡುತ್ತ, "ಭಾನುವಾರ ರೆಬಾಬ್‌ಗೆ ಯಾರಾದ್ರೂ ಬೇಕಲ್ಲ ಹರ್ಜೊ" ಎಂದ.

"ಬೇಕು ಬೇಕು."

"ಸುಮರ್ನಿಯ ಕೊನೇ ಹಾಡು ಬೇರೆ."

"ಅದೇ."

"ನಾನು ಒಂದು ಯೋಚನೆ ಮಾಡಿದೀನಿ. ಎಂಬಾಹ್‌ಗೂ ಕಿವಿ ಮೇಲೆ ಹಾಕಿದೀನಿ. ನಿಂಗೇನೂ ಬೇಜಾರಿಲ್ಲ ತಾನೆ?"

"ನನಗ್ಯಾಕೆ ಬೇಜಾರು? ಯಾರು ಕೂತರೂ ನಮ್ಮ ಬಳಗದ್ದೇ ತಾನೆ."

"ನೀನು ಹೀಗೇ ಅಂತೀಯ ಅಂತ ಗೊತ್ತಿತ್ತು" ಎಂದು ಪರ್ಮಾದಿ ನಿಟ್ಟುಸಿರು ಬಿಟ್ಟು, ಬಾಗದ ಬೆರಳುಗಳಿಂದ ಅವನ ಮಂಡಿ ತಟ್ಟಿದ. "ಈಗ ಮನಸ್ಸಿಗೆ ಹಗುರ ಆಯ್ತು ಬಿಡು." ಯಾರ ಹೆಸರನ್ನೂ ಅವನು ಎತ್ತಲಿಲ್ಲ, ಇವನೂ ಕೇಳಲಿಲ್ಲ. ಹೆಸರು ಹಿಡಿದು ಮಾತಾಡುವುದು ಬಟ್ಟೆ ಬಿಚ್ಚಿ ಓಡಾಡಿದ ಹಾಗೆ. ಆದರೆ ಗೆಳೆಯನ ಸೂಕ್ಷ್ಮ ಹರ್ಜೊನೊನನ್ನು ಕರಗಿಸಿತು. ಕೊನೆಗೂ ಪಾಪಿಗೆ ತನ್ನ ತಪ್ಪು ಅರಿವಾಗಿದೆ, ಕಸಿದುಕೊಂಡದ್ದನ್ನು ತಿರುಗಿಸಿ ಕೊಡಲು ಬಂದಿದ್ದಾನೆ, ಅದನ್ನೂ ಎಷ್ಟು ನಾಜೂಕಾಗಿ ಹೇಳಿದ. ಆ ಸಂಜೆ ಅವನು ಪರ್ಮಾದಿಯನ್ನು ಮನಸಾರೆ ಕ್ಷಮಿಸಿದ. ಕ್ಷಮಿಸುವುದರಲ್ಲಿ ಎಂಥ ಸುಖವಿತ್ತೆಂದರೆ ರಾತ್ರಿ ಊಟದ ಹೊತ್ತಿಗೆ ಇನ್ನೊಂದು ಸಲ ಕ್ಷಮಿಸಿದ.

ಚಾವಡಿಗೆ ಅವನು ಎಲ್ಲರಿಗಿಂತ ಮೊದಲು ಬಂದು ಕೆತುಕ್ ಹಿಡಿದ. ಇವತ್ತು ಆ ಜಾಗದಿಂದ ಎದ್ದು ಹೋಗುವುದಿತ್ತಲ್ಲ, ಹಾಗಾಗಿ ಅಲ್ಲಿ ಕೂರುವುದು ಹಿತವೆನಿಸಿತು. ಕಂಬದ ಪಕ್ಕ ಒಬ್ಬಳು ಹುಡುಗಿ ಕೂತಿದ್ದಳು, ಇಪ್ಪತ್ತಮೂರರ ಆಚೀಚೆ, ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ವಿಗತಿ. ಪರ್ಮಾದಿಯ ಮನೆಗೆ ಸಂಜೆ ಹೊತ್ತು ಬಂದು ಹೋಗುತ್ತಿದ್ದವಳು. ಹೊಸ ಕೆಬಾಯ ರವಿಕೆ, ಎಳೆದು ಕಟ್ಟಿದ ತುರುಬು. ಪಕ್ಕದಲ್ಲಿ ಅವಳ ತಾಯಿ ಯಾರದೋ ಕ್ಯಾಮೆರಾವನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು. ಸುಮರ್ನಿಯ ಬದಲಿಗೆ ಮುಂದೆ ಹಾಡುವವಳು ಇವಳೇ ಇರಬೇಕು ಎಂದುಕೊಂಡು ಹರ್ಜೊನೊ ಹಿರಿಯನ ವಾತ್ಸಲ್ಯ ತಂದುಕೊಂಡ.

"ಹಾಡೋಕೆ ಬಂದ್ಯೇನಮ್ಮ?"

ಹುಡುಗಿ ಕೈ ಮುಗಿದು, "ಏನೋ ಸ್ವಲ್ಪ ಕಲೀತಿದೀನಿ, ಅಷ್ಟೇ" ಎಂದಳು.

"ಹೆದರ್ಕೊಬೇಡ. ನಾವೆಲ್ಲ ಇದೀವಿ."

"ನಿಮ್ಮ ಬಗ್ಗೆ ಗುರುಗಳು ಯಾವಾಗ್ಲೂ ಹೇಳ್ತಿರ್ತಾರೆ. ನಿಮ್ಮ ಹಾಗೆ ಇರ್ಬೇಕು ಅಂತ." ಅವನಿಗೆ ಖುಷಿಯಾಯಿತು.

ಹತ್ತಕ್ಕೆ ಎಲ್ಲರೂ ಬಂದರು. ಹಿಂದಿನ ಸಾಲು ಎಂದಿನಂತೆ ಕಿಕ್ಕಿರಿಯಿತು. ಸುಮರ್ನಿ ಕಂದು ಬಣ್ಣದ ಕೆಬಾಯ ತೊಟ್ಟು, ಕಾಲು ಮಡಚಿ ತನ್ನ ಜಾಗದಲ್ಲಿ ಕೂತಳು; ಮುಂದೆ ಕೂರಲು ಜಗ್ಗಾಟ ಬೇಕಿಲ್ಲದವಳು ಅವಳೊಬ್ಬಳೇ. ಪಕ್ಕದಲ್ಲಿ ರೆಬಾಬ್ ಒಂಟಿಯಾಗಿ ನಿಂತಿತ್ತು. ಎಂಬಾಹ್ ಮಾರ್ತೊ ಕೋಲೂರಿಕೊಂಡು ಬಂದು, ಡೋಲಿನವನನ್ನು ಮೂರು ಸಲ ಕರೆದು ಎಬ್ಬಿಸಿದ, ಗೆಂದೆರ್ ನುಡಿಸುವವನನ್ನು ಮೂರು ಸಲ. ಆಮೇಲೆ ಹರ್ಜೊನೊನ ಕಡೆ ತಿರುಗಿ, ಅಣ್ಣ ಎಂಬರ್ಥದ 'ಮಾಸ್' ಸೇರಿಸಿ ಕರೆದು, ಹೆಬ್ಬೆರಳು ಚಾಚಿದ. ಬೊಚ್ಚುಬಾಯಲ್ಲಿ ಮುಗುಳ್ನಗೆಯೊಂದು ಆಗಲೇ ಸಿದ್ಧವಾಗಿತ್ತು. ಸುತ್ತಲಿನವರ ಮುಖದಲ್ಲೂ, ಇಷ್ಟು ವರ್ಷ ಕೇಳಿದ ಒಂದು ಮಾತನ್ನು ಇನ್ನೊಮ್ಮೆ ಕೇಳಿ ತಲೆದೂಗುವ ಸಿದ್ಧತೆ ಕಾಣುತ್ತಿತ್ತು.

"ಮಾಸ್ ಹರ್ಜೊನೊ, ನೀವು ಹಿರಿಯರು. ರೆಬಾಬ್‌ಗೆ ಮೊಂಗ್ಗೊ."

"ಆಗಲಿ" ಎಂದ ಹರ್ಜೊನೊ.

ಬಚ್ಚಲಿನಲ್ಲಿ ಬಂದದ್ದಕ್ಕಿಂತ ಜೋರಾಗಿಯೇ ಬಂತು. ಮುದುಕನ ಹೆಬ್ಬೆರಳು, ಆಗಲೇ ಕಂಬದ ಕಡೆಗೆ ತಿರುಗತೊಡಗಿದ್ದು, ಅರ್ಧದಲ್ಲಿ ನಿಂತಿತು. "ಆಂ?" ಎಂದ ಮುದುಕ.

"ಆಗಲಿ ಅಂದೆ ಎಂಬಾಹ್. ಕೂತ್ಕೋತೀನಿ."

"ಓ. ಹೌದಾ. ಬಹಳ ಸಂತೋಷ." ಸ್ವಲ್ಪ ತಡೆದು, "ಬಹಳ ಬಹಳ ಸಂತೋಷ" ಎಂದ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಸಂತೋಷ, ಸಂತೋಷ ಎಂದು ಇನ್ನೂ ನಾಲ್ಕಾರು ದನಿಗಳು ಅವಸರವಸರವಾಗಿ ಸೇರಿಕೊಂಡವು, ಬಿದ್ದ ಬಟ್ಟಲನ್ನು ಎಲ್ಲರೂ ಒಟ್ಟಿಗೆ ಎತ್ತಲು ಬಗ್ಗಿದ ಹಾಗೆ. ಹರ್ಜೊನೊ ಬೆನ್ನು ಬಾಗಿಸಿ, ಬಲಗೈ ಮುಂದೆ ಮಾಡಿ, ವಾದ್ಯಗಳನ್ನು ದಾಟದಂತೆ ಸುತ್ತುಬಳಸಿ ಮುಂದೆ ಹೋದ. ಹಾರಿಹೋಗಬೇಕೆನಿಸುತ್ತಿತ್ತು. ಕೂತಮೇಲೆ ನೋಡಿದ: ಕಮಾನಿಗೆ ಯಾರೋ ಹೊಸದಾಗಿ ರಾಳ ತೀಡಿದ್ದಾರೆ. ಕೂರುವ ಚಾಪೆಯ ಮೇಲೆ, ಗಿಡ್ಡ ಕಾಲಿನವರಿಗೆ ಅನುಕೂಲವಾಗುವಂತೆ, ಮಡಚಿಟ್ಟ ದಿಂಬು. ದಿಂಬಿನ ಪಕ್ಕ ಹೆಂಗಸರ ಒಂದು ಕರವಸ್ತ್ರ, ನಾಲ್ಕು ಮಡಿಕೆ ಮಾಡಿದ್ದು. ಅವನು ತಲೆಯೆತ್ತಿ ಕಂಬದ ಕಡೆ ನೋಡಿದ. ವಿಗತಿ ಅರ್ಧ ಎದ್ದವಳು ಹಾಗೇ ಕೂತುಕೊಳ್ಳುತ್ತಿದ್ದಳು. ಅವಳ ತಾಯಿ ಕ್ಯಾಮೆರಾವನ್ನು ಮೆಲ್ಲಗೆ ಸೆರಗಿನೊಳಗೆ ಇಟ್ಟುಕೊಂಡಳು.

ಆಗ ಅರ್ಥವಾಯಿತು. ಪರ್ಮಾದಿಯ ಯೋಚನೆ ಏನಿತ್ತು, ಎಂಬಾಹ್‌ನ ಕಿವಿಯ ಮೇಲೆ ಏನು ಬಿದ್ದಿತ್ತು, ಬೇಜಾರಿಲ್ಲ ತಾನೆ ಎಂದು ಕೇಳಿದ್ದು ಯಾತಕ್ಕೆ, ಎಲ್ಲ ಒಂದೇ ಏಟಿಗೆ. ರೆಬಾಬ್ ಆ ಹುಡುಗಿಗೆ, ತನ್ನನ್ನು ಕರೆದದ್ದು ಬರೀ ಮರ್ಯಾದೆಗೆ. ಹೇಗಿದ್ದರೂ ಬೇಡ ಎನ್ನುತ್ತಾನೆ, ಒಂದು ಮಾತು ಕೇಳಿ ಮುಂದೆ ಹೋಗೋಣ ಎಂದು. ಊಟ ಮಾಡಿಕೊಂಡು ಹೋಗಿ ಎಂದವರ ಮನೆಯಲ್ಲಿ ನಿಜವಾಗಿ ಎಲೆ ಮುಂದೆ ಕೂತ ಹಾಗಾಗಿತ್ತು ಅವನ ಸ್ಥಿತಿ. ಹಿಂದೆ ತಿರುಗಿದ. ಖಾಲಿಯಾದ ಕೆತುಕ್ ಮುಂದೆ ಪರ್ಮಾದಿ ಬಂದು ಕೂರುತ್ತಿದ್ದ, ಟುಕ್ ಎನ್ನಲು ಬಲಗೈ ಸಾಕಲ್ಲ. ಕಣ್ಣು ಕೂಡಿದಾಗ ಪರ್ಮಾದಿ ನಕ್ಕು ತಲೆಯಾಡಿಸಿದ, ಒಳ್ಳೇದಾಯ್ತು ಎಂಬಂತೆ. ಆ ನಗೆಯಲ್ಲಿ ಕಪಟವಿದೆಯೇ ಎಂದು ಹುಡುಕಿದ. ಸಿಗಲಿಲ್ಲ, ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಏಳಬಹುದಿತ್ತು. ತಮಾಷೆಗೆ ಅಂದೆ ಎಂದು ನಕ್ಕು ಎದ್ದಿದ್ದರೆ ಚಾವಡಿಗೆ ಚಾವಡಿಯೇ ಉಸಿರು ಬಿಟ್ಟು ನಗುತ್ತಿತ್ತು. ಅವನು ದಿಂಬನ್ನು ಪಕ್ಕಕ್ಕೆ ಸರಿಸಿದ. ಇರಲಿ, ಇಷ್ಟು ವರ್ಷ ದೇವರಾಗಿದ್ದೆ, ಇವತ್ತು ಒಂದು ದಿನ ಹಂದಿಯಾಗುತ್ತೇನೆ ಎಂದುಕೊಂಡ. ಹಾಗೆಂದುಕೊಂಡಾಗ ಹೊಟ್ಟೆಯೊಳಗೆ ಬೆಚ್ಚನೆಯ ಸುಖವೊಂದು ಹರಡಿತು. ಕಮಾನು ಎಳೆದ. ನಾಲ್ಕು ಸ್ವರ, ಆಮೇಲೆ ಮೂರು. ಡೋಲು ಎತ್ತಿಕೊಂಡಿತು, ದೊಡ್ಡ ಗಾಂಗ್ ಬಿತ್ತು, ಕಂಚಿನ ನೀರು ನಾಲ್ಕೂ ಕಡೆಯಿಂದ ತುಂಬಿ ಬಂತು. ಅದರ ಮೇಲೆ ಸುಮರ್ನಿಯ ದನಿ. ಕಿವಿಯಿಂದ ಒಂದು ಮೊಳ ದೂರದಲ್ಲಿ. ಇಪ್ಪತ್ತಾರು ವರ್ಷ ಅದನ್ನು ಬೆನ್ನಿನ ಕಡೆಯಿಂದ ಕೇಳಿದ್ದ. ಪಕ್ಕದಿಂದ ಅದು ಬೇರೆಯೇ ಇತ್ತು: ಉಸಿರು ಎಳೆದುಕೊಳ್ಳುವ ಸದ್ದು, ಗಂಟಲಲ್ಲಿ ಒಂದು ಸಣ್ಣ ಕರಕರ, ಮಂಡಿಯ ಮೇಲೆ ತಾಳಕ್ಕೆ ಒಂದೊಂದೇ ಗೆರೆ ಎಣಿಸುವ ಹೆಬ್ಬೆರಳು. ತನ್ನ ತಂತಿಗೆ ಅವಳ ದನಿ ಬಳ್ಳಿಯಂತೆ ಹಬ್ಬುತ್ತದೆ ಎಂದು ಹಿತ್ತಲ ಕೋಣೆಯಲ್ಲಿ ಎಷ್ಟು ಬೆಳಗು ಕಂಡಿದ್ದನೋ. ಅವಳು ಕೆಲಸ ಬಲ್ಲ ಹೆಂಗಸಿನ ಹಾಗೆ, ಅವನು ಎಲ್ಲಿದ್ದಾನೆಂದು ನೋಡಿಕೊಂಡು, ಅಗತ್ಯವಿದ್ದಲ್ಲಿ ಕಾದು, ಹಾಡುತ್ತಿದ್ದಳು. ಕೆಲವು ಕಡೆ ಅವಳೇ ಅವನನ್ನು ಕೈಹಿಡಿದು ದಾಟಿಸಿದಳು. ಆದರೂ ಸುಖವಾಗಿತ್ತು. ಅಳು ಬರುವಷ್ಟು ಸುಖವಾಗಿತ್ತು.

ಕಂಬದ ಕಡೆ ನೋಡಬಾರದೆಂದು ಎಷ್ಟೇ ಅಂದುಕೊಂಡರೂ ಕಣ್ಣು ಹೋಯಿತು. ಹುಡುಗಿ ಅಳುತ್ತಿರಲಿಲ್ಲ. ಎಡಗೈಯ ಬೆರಳುಗಳನ್ನು ಮಂಡಿಯ ಮೇಲೆ ಒತ್ತುತ್ತ, ಇಲ್ಲದ ತಂತಿಯ ಮೇಲೆ ಇಡೀ ರಚನೆಯನ್ನು ನುಡಿಸುತ್ತಿದ್ದಳು. ಅವನು ಎರಡು ಕಡೆ ಮರೆತು ಮಸುಕಾಗಿ ಎಳೆದ ಜಾಗದಲ್ಲಿ ಅವಳ ಬೆರಳು ಮರೆಯಲಿಲ್ಲ. ಒಂದು ತಿರುವಿನಲ್ಲಿ ಅವಳ ಕಿರುಬೆರಳು ಅವನಿಗಿಂತ ಮೊದಲು ಮೇಲಕ್ಕೆ ಜಾರಿತು. ಅಲ್ಲಿ ಹಾಗೆಯೇ ಆಗಬೇಕಿತ್ತು, ಅವನಿಗೆ ಹೊಳೆದಿರಲಿಲ್ಲ.

ಮೊದಲ ರಚನೆ ಮುಗಿದಾಗ ಚೆನ್ನಾಗಿತ್ತು, ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು. ಯಾರು ಹೇಳಿಲ್ಲವೆಂದು ಹುಡುಕಿದರೂ ಒಬ್ಬನೂ ಸಿಗುವಂತಿರಲಿಲ್ಲ. ಚಹಾ ಬಂತು, ಬಾಳೆಲೆಯಲ್ಲಿ ಸುತ್ತಿದ ಅಂಟಕ್ಕಿಯ ಲೆಂಪೆರ್ ಬಂತು. ಸುಮರ್ನಿ ಬಿಸಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮುಂದೆ ನೋಡುತ್ತಲೇ, "ಇವತ್ತು ಒಂದೇ ಸಲಕ್ಕೆ ಒಪ್ಕೊಂಡ್ರಿ ಮಾಸ್" ಎಂದಳು.

"ನಿಮ್ಮ ಕೊನೇ ದಿನ ಅಲ್ವಾ ಜೆಂಗ್ ಸುಮರ್ನಿ" ಎಂದ, ತಂಗಿಯರನ್ನು ಕರೆಯುವ ಮರ್ಯಾದೆಯಲ್ಲಿ.

"ಅವತ್ತು ಒಪ್ಕೊಂಡಿದ್ರೆ ಮೊದಲ್ನೇ ದಿನಾನೂ ಆಗ್ತಿತ್ತು."

ಅವನ ಕೈಯ ಲೆಂಪೆರ್ ಎಲೆಯಿಂದ ಜಾರಿತು. ಅವಳಿಗೆ ನೆನಪಿದೆ. ಹಾಗಾದರೆ ಅವಳೂ. ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು, ಇಷ್ಟು ವರ್ಷ ಒಳಗೆ ಕೊಳೆತು ಮೆತ್ತಗಾದ ಮಾತು, ತಾನಾಗಿ ಹೊರಗೆ ಬಂತು: "ಒಪ್ಕೊಳ್ತಿದ್ದೆ. ಎಂಬಾಹ್ ಇನ್ನೊಂದು ಸಲ ಕೇಳಿದ್ರೆ ಎದ್ದುಬಿಡ್ತಿದ್ದೆ, ಆಣೆಗೂ. ಎರಡೇ ಸಲ ಕೇಳಿ ಆ ಕಡೆ ತಿರುಗಿಬಿಟ್ರು."

ಸುಮರ್ನಿ ಮೊದಲ ಸಲ ತಿರುಗಿ ಅವನನ್ನು ನೋಡಿದಳು. "ಮೂರು ಸಲ ಕೇಳಿದ್ರು ಮಾಸ್."

"ಇಲ್ಲ. ಎರಡು."

"ಮೂರು. ನಾನು ಎಣಿಸ್ತಿದ್ದೆ. ಇಪ್ಪತ್ತೆರಡು ವರ್ಷದ ಹುಡುಗಿ, ಪಕ್ಕದಲ್ಲಿ ಯಾರು ಬಂದು ಕೂತ್ಕೋತಾರೆ ಅಂತ ಎಣಿಸದೆ ಇರ್ತಾಳಾ? ಮೊದಲ್ನೇ ಸಲ ನೀವು ನೆಲ ನೋಡಿದ್ರಿ. ಎರಡ್ನೇ ಸಲ ನಕ್ಕಿರಿ. ಮೂರ್ನೇ ಸಲ ನನ್ನ ಕಡೆ ನೋಡಿದ್ರಿ, ನಾನು ನೋಡ್ತಿದೀನಾ ಅಂತ. ನೋಡ್ತಾ ಇದ್ದೆ. ಆಗ ಕೈ ಜೋಡಿಸಿ, ನನಗಿಂತ ಮಾಸ್ ಪರ್ಮಾದಿ ಯೋಗ್ಯರು ಅಂದ್ರಿ. ಎಷ್ಟು ಚೆನ್ನಾಗಿ ಅಂದ್ರಿ ಅಂದ್ರೆ ನಮ್ಮಮ್ಮ ಕಣ್ಣು ಒರೆಸ್ಕೊಂಡ್ರು."

"ಹಾಗೆ ಅಂದ ನೆನಪೇ ಇಲ್ಲ ನಂಗೆ."

"ನಿಮಗ್ಯಾಕೆ ನೆನಪಿರುತ್ತೆ? ಕೇಳಿಸ್ಕೊಂಡವಳು ನಾನು." ಅವಳು ಚಹಾ ಊದಿದಳು. "ನಮ್ಮನೆಯವರಿಗೆ ರೆಬಾಬ್ ಬೇಕೇ ಇರ್ಲಿಲ್ಲ. ಅವರಿಗೆ ಇಷ್ಟ ಇದ್ದಿದ್ದು ಆ ಮರದ ಪಟ್ಟಿ ಬಡಿಯೋ ಗಂಬಾಂಗ್. ಗೆಳೆಯ ಎಲ್ಲರೆದುರಿಗೆ ಬಿಟ್ಟುಕೊಟ್ಟಿದಾನೆ, ಬೇಡ ಅಂದ್ರೆ ಅವನಿಗೆ ಅವಮಾನ ಆಗುತ್ತೆ ಅಂತ ತಕ್ಷಣ ಎದ್ದು ಹೋದ್ರು. ಇಪ್ಪತ್ತಾರು ವರ್ಷ ನಿಮ್ಮ ಮರ್ಯಾದೆ ಕಾಯೋಕೆ ನುಡಿಸಿದಾರೆ. ಬೆರಳು ಹೋದಾಗ ಮನೇಲಿ ಏನಂದ್ರು ಗೊತ್ತಾ? ಸದ್ಯ, ಅಂದ್ರು."

ಅವನು ಜಾರಿದ ಲೆಂಪೆರನ್ನು ಎಲೆಗೆ ಎತ್ತಿಟ್ಟ.

"ನನ್ನ ಕೇಳೋಕೆ ಬಂದಿದ್ರಲ್ಲ, ಅವರ ಪರವಾಗಿ. ಆವತ್ತೂ ಬಾಗಿಲ ಹಿಂದೆ ನಿಂತಿದ್ದೆ. ಎಲ್ಲಾದ್ರೂ ಒಂದು ಕಡೆ ತಡವರಿಸ್ತೀರೇನೋ ಅಂತ. ಅರ್ಧ ಗಂಟೆ. ಒಂದಕ್ಷರ ತಪ್ಪಲಿಲ್ಲ ನೀವು. ಆಗ ಅಂದ್ಕೊಂಡೆ, ಈ ಮನುಷ್ಯನಿಗೆ ನನಗಿಂತ ಕೊಡೋದೇ ಇಷ್ಟ." ಲೋಟ ಕೆಳಗಿಟ್ಟಳು. "ಮುಖ ಹಾಗೆ ಮಾಡ್ಬೇಡಿ. ಅವರ ಜೊತೆ ಸುಖವಾಗೇ ಇದ್ದೆ. ಹೇಳ್ಬೇಕು ಅನ್ನಿಸ್ತು, ಹೇಳಿದೆ. ಇನ್ಮೇಲೆ ನಾನು ಇಲ್ಲಿ ಕೂರಲ್ವಲ್ಲ."

ಸುಳ್ಳು ಎಂದುಕೊಂಡ ಹರ್ಜೊನೊ. ಹೆಂಗಸರಿಗೆ ಕಥೆ ಕಟ್ಟುವುದು ಹೊಸತೇ? ನುಣುಪಾದ ಆ ಹಾಸುಗಲ್ಲಿನ ಮೇಲೆ ಮತ್ತೆ ನಡೆದು ನೋಡಿದ: ಒಂದು ಮೊಂಗ್ಗೊ, ನೆಲದ ಮೇಲೆ ಇರುವೆಯ ಸಾಲು. ಎರಡು ಮೊಂಗ್ಗೊ, ಹಲ್ಲು ತೋರಿಸಿದ್ದು. ಆಮೇಲೆ ಏನೂ ಇಲ್ಲ, ಪರ್ಮಾದಿ ಎದ್ದು ಹೋಗುತ್ತಾನೆ. ಆದರೆ ಆ ನಗುವಿಗೂ ಪರ್ಮಾದಿ ಏಳುವುದಕ್ಕೂ ನಡುವೆ, ಕಲ್ಲು ಎಬ್ಬಿಸಿದಂತೆ, ಇದ್ದಕ್ಕಿದ್ದ ಹಾಗೆ ಸುಮರ್ನಿಯ ಪಕ್ಕದ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು ಕಂಡಿತು. ಅವಳು ಯಾಕೆ ಅಳುತ್ತಿದ್ದಳು? ಅವಳು ಅತ್ತಾಗ ತನ್ನ ಎದೆ ಎಷ್ಟು ಉಬ್ಬಿತ್ತು. ಜೋಡಿಸಿದ ಎರಡು ಕೈಗಳು ತನ್ನವೇ. ಬೆಳ್ಳಿ ಉಂಗುರ ಆಗ ಇತ್ತು. ಕಾಲು ಮಡಚಿಯೇ ಇರಲಿಲ್ಲ. ಏಳುವ ಯೋಚನೆಯೇ ಇರಲಿಲ್ಲ. ಇಪ್ಪತ್ತಾರು ವರ್ಷ ಅವನು ಒಬ್ಬ ಮುದುಕನ ಮರೆವನ್ನೂ ಒಬ್ಬ ಗೆಳೆಯನ ದುರಾಸೆಯನ್ನೂ ಸಾಕಿಕೊಂಡು ಬಂದಿದ್ದ, ಎರಡೂ ಅವನೇ ಹುಟ್ಟಿಸಿದವು. ಹಿತ್ತಲ ಕೋಣೆಯ ಕತ್ತಲೆಯಲ್ಲಿ ತಂತಿಗೆ ತಲೆಯಿಟ್ಟು ತನ್ನ ಮೇಲೆ ತಾನೇ ಮರುಕಪಟ್ಟ ಅಷ್ಟೂ ಬೆಳಗುಗಳು ನೆನಪಾಗಿ ಅವನಿಗೆ ನಾಚಿಕೆಯಾಯಿತು. ಬರೀ ನಾಚಿಕೆ, ಅದರಲ್ಲಿ ಚಪ್ಪರಿಸುವಂಥದ್ದು ಏನೂ ಇರಲಿಲ್ಲ.

ಲೋಟಗಳನ್ನು ಒಳಗೆ ಒಯ್ದರು. ಎರಡನೆಯ ರಚನೆ, ಸುಮರ್ನಿಯ ಕೊನೆಯದು. ಎಲ್ಲರೂ ಬಡಿಗೆ ಎತ್ತಿಕೊಂಡು ರೆಬಾಬ್ ಬಾಯಿ ತೆರೆಯುವುದನ್ನು ಕಾಯುತ್ತಿದ್ದರು. ಹಿಂದೆ ಪರ್ಮಾದಿ ಬಾಗದ ಬೆರಳುಗಳನ್ನು ತೊಡೆಯ ಮೇಲಿಟ್ಟುಕೊಂಡು, ಕೆತುಕ್ ಮುಂದೆ, ಶಾಲೆಯ ಮೊದಲ ದಿನದವನ ಹಾಗೆ ಕೂತಿದ್ದ. ಕಂಬದ ಬಳಿ ಹುಡುಗಿಯ ಬೆರಳುಗಳು ಮಂಡಿಯ ಮೇಲೆ ಮೊದಲ ಸ್ವರದ ಜಾಗವನ್ನು ಆಗಲೇ ಹಿಡಿದಿದ್ದವು. ಈ ಎರಡನೆಯದನ್ನು ಅವಳು ಇನ್ನೂ ಚೆನ್ನಾಗಿ ಕಲಿತಿದ್ದಾಳೆ ಎಂದು ಅವನಿಗೆ ಆ ಬೆರಳು ನೋಡಿದರೇ ಗೊತ್ತಾಯಿತು. ತಾನು ಇದನ್ನು ಕೆಡಿಸುತ್ತೇನೆ. ಕೊನೆಯ ಹಾಡು ಕೆಡುತ್ತದೆ. ಸುಮರ್ನಿಗೆ ಒಳ್ಳೆಯ ರೆಬಾಬ್ ಸಿಗಬೇಕು, ಆ ಹುಡುಗಿಗೆ ಅವಳ ಜಾಗ ಸಿಗಬೇಕು, ಅಷ್ಟೇ. ಯಾರು ನೋಡುತ್ತಿದ್ದಾರೆಂದು ಅವನು ಯೋಚಿಸಲಿಲ್ಲ. ಹುಟ್ಟಿದಾಗಿನಿಂದ ಮೊದಲ ಸಲ ಯೋಚಿಸಲಿಲ್ಲ. ಕಮಾನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಕಂಬದ ಕಡೆ ಚಾಚಿದ.

"ಮಗೂ, ಮೊಂಗ್ಗೊ."

ವಿಗತಿ ಬೆಚ್ಚಿ ತಲೆಯಾಡಿಸಿದಳು. "ಮೊಂಗ್ಗೊ" ಎಂದ ಮತ್ತೆ. ಅವಳು ತಾಯಿಯ ಮುಖ ನೋಡಿ, ನೆಲ ನೋಡಿದಳು. ಹರ್ಜೊನೊ ಕಮಾನನ್ನು ಇನ್ನಷ್ಟು ಮುಂದೆ ಚಾಚಿದ. "ಮೂರನೇ ಸಲ ಕೇಳ್ತಿದೀನಿ ಕಣಮ್ಮ. ಬೇಡ ಅನ್ಬೇಡ. ಬಾ." ಅವಳು ಎದ್ದು ಬಂದಳು. ಅವನು ಎದ್ದ ಜಾಗದಲ್ಲಿ ದಿಂಬನ್ನು ಮತ್ತೆ ಹಾಸಿದ.

ಚಾವಡಿಯಲ್ಲಿ ಒಂದು ಉಸಿರು ಹೊರಬಿತ್ತು. ಕಳಚಿದ್ದ ಏನೋ ಮತ್ತೆ ತನ್ನ ಗೂಡಿಗೆ ಕೂತ ಹಾಗೆ ಎಲ್ಲರ ಮುಖ ಅರಳಿತು. ಎಂಬಾಹ್ ಮಾರ್ತೊ ಕೋಲು ಕುಟ್ಟಿ, "ನಾನು ಅಂದ್ಕೊಂಡೆ, ಇದೇನು ಮಾಸ್ ಹರ್ಜೊನೊ ಹೀಗೆ ಅಂತ" ಎಂದ. "ಹುಡುಗಿ ಭಯ ಕಳೀಲಿ ಅಂತ ಮೊದಲ್ನೇದು ತಾನು ನುಡಿಸಿ ತೋರಿಸಿದ್ದು. ಇದಪ್ಪ ಮನಸ್ಸು ಅಂದ್ರೆ." ಹೌದು ಹೌದು ಎಂದಿತು ಹಿಂದಿನ ಸಾಲು. ವಿಗತಿಯ ತಾಯಿ ಕ್ಯಾಮೆರಾ ಹೊರತೆಗೆಯುತ್ತ ಕಣ್ಣೊರೆಸಿಕೊಂಡಳು. ಪರ್ಮಾದಿ ಸರಿದು, ಕೆತುಕ್ ಪಕ್ಕದಲ್ಲಿ ಜಾಗ ಮಾಡಿಕೊಟ್ಟ.

ಹಾಗಲ್ಲ ಎನ್ನಬೇಕೆನಿಸಿತು ಹರ್ಜೊನೊನಿಗೆ. ಇದು ಅದಲ್ಲ, ಇದು ಬೇರೆ, ಇದನ್ನು ನಿಜವಾಗಿ ಕೊಟ್ಟೆ ಎಂದು. ಆದರೆ ಅದನ್ನು ಬಾಯಿಬಿಟ್ಟು ಹೇಳಿದರೆ ಅದೂ ಆ ಹಳೆಯ ತೋರಿಕೆಯೇ ಆಗುತ್ತಿತ್ತು. ಒಬ್ಬಳಿಗಾದರೂ ಗೊತ್ತಾಗಿರಬೇಕು ಎಂದು ಅವನು ಸುಮರ್ನಿಯ ಕಡೆ ನೋಡಿದ. ಅವಳು ಮೇಲುವಸ್ತ್ರವನ್ನು ಹೆಗಲ ಮೇಲೆ ಸರಿಪಡಿಸಿಕೊಳ್ಳುತ್ತಿದ್ದಳು. ತಲೆಯೆತ್ತಲಿಲ್ಲ.

"ಅವತ್ತು ಮೂರು ಸಲ ಬೇಡ ಅಂದ್ರಿ. ಇದು ನಾಲ್ಕು" ಎಂದಳು.